ಇದ್ದೀಯಾ ಎಂದು ಕೇಳುವ ಸಾಲು

ಕಡಲೇರಿದ ಇನ್ನೂರ ಹನ್ನೊಂದನೆಯ ವರ್ಷ, ಎರಡನೆಯ ಆಷಾಢದ ಮೂವತ್ತೆಂಟನೆಯ ದಿನ
ಕುಮಟಾ ನಡುಗಡ್ಡೆ

ಡೇಟಾಬೇಸಿನ ಡ್ರೈವರ್ ಬರೆಯುವ ಅಣ್ಣನಿಗೆ, ಅಥವಾ ಅಕ್ಕನಿಗೆ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಮಾತೂ ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನೀವು ಕ್ಷೇಮವೇ ಎಂದು ಮೊದಲು ಕೇಳಲಿಲ್ಲವೆಂದು ಬೇಸರಿಸಬೇಡಿ. ನಮ್ಮಲ್ಲಿ ಆ ಪದ್ಧತಿ ನಿಂತುಹೋಗಿದೆ. ಯಾಕೆಂದು ಹೇಳುತ್ತೇನೆ.

ಕಡಲು ಏರಿದ ಮೇಲೆ ನಿಮ್ಮ ಕಾಲದ ಗುಡ್ಡಗಳು ನಮ್ಮ ನಡುಗಡ್ಡೆಗಳಾದವು. ನೀರಿನಡಿಯ ತಂತಿಗಳು ಹಾಳಾದವು, ಆಕಾಶದ ಉಪಗ್ರಹಗಳು ಒಂದೊಂದಾಗಿ ಉದುರಿದವು. ಈಗ ಉಳಿದಿರುವ ನೆಟ್‌ವರ್ಕ್ ಎಂದರೆ ಒಂದು ಹಾಯಿದೋಣಿ. ಅದನ್ನು ತೇಲುತಂತಿ ಎನ್ನುತ್ತೇವೆ. ಆಸ್ಪತ್ರೆಯ ಯಂತ್ರ ಕೇಳುವ ಪ್ರಶ್ನೆಯನ್ನು ಬೊಮ್ಮು ಎಂಬ ಅಂಬಿಗ ಸಣ್ಣದೊಂದು ಬಿಲ್ಲೆಯಲ್ಲಿ ತುಂಬಿಕೊಂಡು ಘಟ್ಟದ ಬಂಡೆಯೊಳಗಿನ ನೆನಪಿನ ಮನೆಗೆ ಒಯ್ಯುತ್ತಾನೆ. ನೆನಪಿನ ಮನೆ ಎಂದರೆ ನಿಮ್ಮ ಡೇಟಾಬೇಸ್. ಎಲ್ಲ ಮನೆತನಗಳ ರಕ್ತದ, ರೋಗದ ವಿವರ ಅಲ್ಲಿದೆ. ಗಾಳಿ ಚೆನ್ನಾಗಿದ್ದರೆ ಹೋಗಿ ಬರಲು ಎರಡು ಹಗಲು. ಗಾಳಿ ಮುನಿದರೆ ದೇವರೇ ಗತಿ.

ಹೀಗಾಗಿ ನಾವು ಮಾತನ್ನು ಗಂಟು ಕಟ್ಟಿ ಕಳಿಸುವವರು. ಆಚೆಯ ನಡುಗಡ್ಡೆಯಲ್ಲಿ ಹೆಣ್ಣು ಕೇಳುವವರು ಸೀರೆಯನ್ನೂ ಜೊತೆಗೇ ಕಳಿಸುತ್ತಾರೆ: ಹುಡುಗಿ ಒಪ್ಪಿದರೆ ಉಡಲಿ, ಒಪ್ಪದಿದ್ದರೆ ಬೊಮ್ಮುವಿನ ಹೆಂಡತಿಗೆ ಇರಲಿ. ಅವಳಿಗೆ ಈಗ ಸೀರೆಗೇನೂ ಬರವಿಲ್ಲ.

ಆದರೆ ಆಸ್ಪತ್ರೆಯ ಯಂತ್ರಕ್ಕೆ ಗಂಟು ಕಟ್ಟಲು ಬರುವುದಿಲ್ಲ. ಅದರೊಳಗೆ ನಿಮ್ಮ ಕಾಲದ್ದೇ ಡ್ರೈವರ್ ಇದೆ, ಯಂತ್ರದ ಪರವಾಗಿ ನೆನಪಿನ ಮನೆಯೊಡನೆ ಮಾತಾಡುವ ತಂತ್ರಾಂಶ. ಅದನ್ನು ಬಿಚ್ಚಿ ತಿದ್ದಬಲ್ಲವರು ಯಾರೂ ಉಳಿದಿಲ್ಲ. ನೆನಪಿನ ಮನೆಯೋ, ಆ ಡ್ರೈವರಿನ ಮಾತಿಗಲ್ಲದೆ ಬೇರೆ ಯಾರ ಮಾತಿಗೂ ಬಾಯಿ ಬಿಡುವುದಿಲ್ಲ. ಡ್ರೈವರ್ ಮೊದಲು ನೆನಪಿನ ಮನೆಯನ್ನು "ಇದ್ದೀಯಾ?" ಎಂದು ಕೇಳುತ್ತದೆ. ಉತ್ತರ ಬಂದ ಮೇಲೆ, ನಿನ್ನ ಗಡಿಯಾರ ಯಾವ ದೇಶದ್ದು ಎಂದು ವಿಚಾರಿಸುತ್ತದೆ. ಆಮೇಲೆ, ಒಂದು ಪ್ರಶ್ನೆ ಇದೆ, ಸಿದ್ಧವಾಗಿದ್ದೀಯಾ ಎನ್ನುತ್ತದೆ. ನಿಜವಾದ ಪ್ರಶ್ನೆ ಹೊರಡುವುದು ಇಷ್ಟೆಲ್ಲ ಆದ ಮೇಲೆ. ನಿಮ್ಮಲ್ಲಿ ಇದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತಂತೆ. ಅದಕ್ಕೇ ಯಾರಿಗೂ ಭಾರವೆನಿಸಲಿಲ್ಲ. ನಮ್ಮಲ್ಲಿ ಒಂದೊಂದು ಮಾತಿಗೂ ದೋಣಿ ಹೋಗಿ ಬರಬೇಕು.

ನನ್ನ ಮಗಳು ನೇಸರಿಗೆ ನಾಲ್ಕು ವರ್ಷವಿದ್ದಾಗ ರಕ್ತಕ್ಕೆ ನಂಜೇರಿತು. ವೈದ್ಯೆ ನಾಗುಬಾಯಿಯವರ ಬಳಿ ಎರಡು ಔಷಧಗಳಿದ್ದವು. ಒಂದು, ಕೆಲವು ತಾಯಿಬಳ್ಳಿಗಳ, ಎಂದರೆ ತಾಯಿಯ ಕಡೆಯ ವಂಶಗಳ, ಮಕ್ಕಳ ಕಿವಿ ಕೆಡಿಸುತ್ತದೆ. ಇನ್ನೊಂದು ಕೆಲವು ಮನೆತನದವರ ಉಸಿರು ಕಟ್ಟಿಸುತ್ತದೆ. ನಮಗೆ ಯಾವುದು ಆಗದು ಎಂಬುದು ನೆನಪಿನ ಮನೆಗೆ ಗೊತ್ತು. ದೋಣಿ ಹೊರಟಿತು. ಮಗುವಿನ ಮೈ ಕೆಂಡವಾಗಿತ್ತು. ಅವಳನ್ನು ಮಡಿಲಲ್ಲಿಟ್ಟುಕೊಂಡು ಕಡಲನ್ನೇ ನೋಡುತ್ತಿದ್ದೆ. ಕೊನೆಗೂ ಬೊಮ್ಮು ಬಂದ. ಅವನು ತಂದ ಉತ್ತರವನ್ನು ನಾಗುಬಾಯಿ ಓದಿದರು.

"ಇದ್ದಾರಂತೆ," ಎಂದರು.

ಮತ್ತೆ ಕಳಿಸಿದೆವು. ಗಡಿಯಾರದ ಉತ್ತರ ಬರುವಷ್ಟರಲ್ಲಿ ಮಗು ಕಣ್ಣು ತೆರೆಯುವುದನ್ನೇ ನಿಲ್ಲಿಸಿತ್ತು. ಇನ್ನು ಕಾಯಲಾಗದೆ, ಉಸಿರಾದರೂ ಉಳಿಯಲಿ ಎಂದು ನಾಗುಬಾಯಿ ಮೊದಲ ಔಷಧ ಕೊಟ್ಟರು. ನೇಸರಿ ಬದುಕಿದಳು. ಕಿವಿ ಹೋಯಿತು. ಯಂತ್ರ ಮಾತ್ರ ತನ್ನ ಪಾಡಿಗೆ ಕೇಳುತ್ತಲೇ ಇತ್ತು. ಕೊನೆಗೊಂದು ದಿನ ಸರಿಯಾದ ಉತ್ತರವನ್ನೇ ತರಿಸಿತು: ಎರಡನೆಯದನ್ನು ಕೊಡಿ. ನಾಗುಬಾಯಿಯವರ ಮೇಲೆ ನನಗೆ ಸಿಟ್ಟಿಲ್ಲ. ಆ ಮೊದಲ ಪ್ರಶ್ನೆಯ ಮೇಲೆ ಇದೆ, ಇವತ್ತಿಗೂ ಇದೆ.

ನೇಸರಿ ಈಗ ಹಾಯಿ ಹೊಲಿಯುತ್ತಾಳೆ. ಕೈಯಲ್ಲಿ ಮಾತಾಡುತ್ತಾಳೆ, ಜಗಳವನ್ನೂ ಕೈಸನ್ನೆಯಲ್ಲೇ ಗೆಲ್ಲುತ್ತಾಳೆ. ಪಾಪ ಎಂದವರನ್ನು ಸುಮ್ಮನೆ ಬಿಡುವವಳಲ್ಲ. ಆದರೂ ನಾನು ಹಾಡುತ್ತಿದ್ದ ಜೋಗುಳದ ನೆನಪು ಅವಳಿಗಿಲ್ಲ. ಅದು ನನಗೆ ನೋವು.

ಅದಕ್ಕೇ ಬೇಡುತ್ತಿದ್ದೇನೆ: ಇದ್ದೀಯಾ ಎಂದು ಕೇಳುವ ಆ ಸಾಲನ್ನು ನೀವು ಬರೆಯುವ ಡ್ರೈವರಿನಿಂದ ತೆಗೆದುಬಿಡಿ. ಇದ್ದಾರೋ ಇಲ್ಲವೋ ಹೇಗೂ ಗೊತ್ತಾಗುತ್ತದೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಪ್ರಶ್ನೆಯನ್ನೇ ಕೇಳಿ. ಉತ್ತರ ಬಂದರೆ ಇದ್ದಾರೆ ಎಂದಾಯಿತು, ಬಾರದಿದ್ದರೆ ಆಗ ನೋಡಿಕೊಂಡರಾಯಿತು. ಗಡಿಯಾರ, ಸಿದ್ಧತೆ ಎಲ್ಲವನ್ನೂ ಪ್ರಶ್ನೆಯ ಜೊತೆಗೇ ಗಂಟು ಕಟ್ಟಿ. ಅಲ್ಲಿ ನಿಮಗೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಉಳಿಯುತ್ತದೆ. ಇಲ್ಲಿ, ಬೆನ್ನ ಹಿಂದಿನಿಂದ ಕರೆದರೆ, ನನ್ನ ಮಗಳು ತಿರುಗಿ ನೋಡುತ್ತಾಳೆ.

ನೀವು ಇದ್ದೀರಾ ಎಂದು ನಾನು ಕೇಳಲಿಲ್ಲ. ಕೇಳಬೇಕಾದ್ದನ್ನು ಕೇಳಿದ್ದೇನೆ.

ಹೊನ್ನಿ, ನೇಸರಿಯ ತಾಯಿ