ಪ್ಲೇಟಿನ ಮೇಲೆ ಇಲ್ಲದ ಹೆಸರು

ಕುಷ್ಟಗಿ,
ಆಗಸ್ಟ್ ೧೯೮೪

ಮನೆಯವರಿಗೆ,

ನಾನೂ ಮಕ್ಕಳೂ ಆರೋಗ್ಯವಾಗಿದ್ದೇವೆ. ರಾಯಚೂರಿನ ಟ್ರೇನಿಂಗ್ ಮುಗಿಸಿ ಶನಿವಾರ ಬರುತ್ತೇನೆಂದು ಬರೆದಿದ್ದೀರಿ. ನೀವು ಹೊರಡುವ ಮೊದಲೇ ಈ ಪತ್ರ ಕೈಸೇರಲೆಂದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ಎದುರಿಗೆ ಕೂತು ಕೇಳಿದರೆ ನೀವು ನಕ್ಕು ಮಾತು ತಿರುಗಿಸುತ್ತೀರಿ, ನಾನು ಚಹಾ ಇಡಲು ಏಳುತ್ತೇನೆ. ನಮ್ಮಿಬ್ಬರ ನಡುವೆ ಯಾವಾಗಲೂ ಹಾಗೇ ಆಗಿದೆ.

ಹೋದ ತಿಂಗಳ ಮಳೆಗೆ ಮಾಳಿಗೆ ಸೋರಿತು. ನಿಮ್ಮ ಹಾರ್ಮೋನಿಯಂ ನೆನೆಯಬಾರದೆಂದು ಪೆಟ್ಟಿಗೆ ಸರಿಸಲು ಹೋದೆ. ಅದರ ತಳದಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಸಣ್ಣ ಗ್ರಾಮಫೋನ್ ಪ್ಲೇಟು ಸಿಕ್ಕಿತು. ನಡುವಿನ ಹಸಿರು ಚೀಟಿಯ ಮೇಲೆ ‘ಹಾಡಿದವರು: ಕುಮಾರಿ ಕಸ್ತೂರೆಮ್ಮ’ ಎಂದಿತ್ತು. ಕೆಳಗೆ ಗಂಗಾವತಿಯ ಒಂದು ರೈಸ್ ಮಿಲ್ಲಿನ ಹೆಸರು, ೧೯೭೪ ಎಂಬ ವರ್ಷ. ಅದು ನಮ್ಮ ಮದುವೆಯ ಹಿಂದಿನ ವರ್ಷ. ನಮ್ಮ ಮನೆಯಲ್ಲಿ ಪ್ಲೇಟು ಹಾಕುವ ಮಷೀನೇ ಇಲ್ಲ. ಕೇಳಲು ಬಾರದ ಪ್ಲೇಟನ್ನು ಗಂಡನಾದವನು ಹೆಂಡತಿಯ ಕಣ್ಣು ತಪ್ಪಿಸಿ ಏಕೆ ಇಟ್ಟುಕೊಳ್ಳುತ್ತಾನೆ?

ಸೆರಗಿನಲ್ಲಿ ಮುಚ್ಚಿಕೊಂಡು ಮೈಕ್ ಸೆಟ್ಟಿನ ಜಿಲಾನಸಾಬರ ಅಂಗಡಿಗೆ ಹೋದೆ. ತವರಿನವರದು ಎಂದು ಸುಳ್ಳು ಹೇಳಿದೆ. ಅವರು ತಿರುಗಿಸಿ ನೋಡಿ, ಇಂಥದ್ದು ಅಂಗಡಿಯಲ್ಲಿ ಮಾರುವುದಲ್ಲ, ಯಾರೋ ಸ್ವಂತಕ್ಕೆ ಮದ್ರಾಸಿನಲ್ಲಿ ಒಂದಿಷ್ಟು ಮಾಡಿಸಿ ಬೇಕಾದವರಿಗೆ ಹಂಚಿರಬೇಕು ಎಂದರು. ಹೊರಗೆ ಕೇಳಿಸದಂತೆ ದನಿ ಸಣ್ಣಗೆ ಮಾಡಿ ಮುಳ್ಳು ಇಟ್ಟರು.

ಮೊದಲು ಕರಕರ ಸದ್ದು. ಆಮೇಲೆ ಹಾರ್ಮೋನಿಯಂ. ಅದು ನಿಮ್ಮದೇ ಕೈ ಎಂದು ತಕ್ಷಣ ತಿಳಿಯಿತು. ಅದರ ಹಿಂದೆಯೇ ನಿಮ್ಮ ದನಿ, ಮೆಲ್ಲಗೆ: ‘ಹೂಂ, ಹಾಡ ಮಾರಿ.’

ಆಮೇಲೆ ಆಕೆ ಹಾಡಿದಳು. ‘ಬುತ್ತಿ ಆರಿತಲ್ಲೋ, ಹೊತ್ತು ಜಾರಿತಲ್ಲೋ, ಕಾಲುವಿ ದಂಡ್ಯಾಗ ನಿನ್ನ ಹಾದಿ ಕಾಯ್ದೇನೋ.’ ಜಿಲಾನಸಾಬರು ಕೈಯಲ್ಲಿದ್ದ ವೈರು ಕೆಳಗಿಟ್ಟು ತಲೆ ಬಗ್ಗಿಸಿ ಕೂತರು. ನನಗೆ ಹಾಡು ಕಿವಿಗೆ ಹೋಗಲಿಲ್ಲ. ‘ಹಾಡ ಮಾರಿ’ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ನೀವು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ‘ಇಲ್ನೋಡು’ ಎನ್ನುತ್ತೀರಿ, ಇಲ್ಲವೇ ಕೆಮ್ಮುತ್ತೀರಿ. ಚೀಟಿಯ ಮೇಲೆ ಕಸ್ತೂರೆಮ್ಮ, ನಿಮ್ಮ ಬಾಯಲ್ಲಿ ಮಾರಿ. ಇಬ್ಬರಲ್ಲಿ ನಿಮ್ಮ ಮನಸ್ಸಿನಲ್ಲಿದ್ದವಳು ಯಾರು?

ಅಂದಿನಿಂದ ನಿಮ್ಮ ಹಳೆಯ ನಡತೆಯೆಲ್ಲ ಬೇರೆಯೇ ಕಾಣತೊಡಗಿತು. ಗಂಗಾವತಿಯ ನಂಟರ ಮದುವೆಗೆ ನನ್ನನ್ನೂ ಮಕ್ಕಳನ್ನೂ ಕಳಿಸಿ ನೀವು ಜ್ವರವೆಂದು ಮಲಗಿದಿರಿ. ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು. ಬಸವಜಯಂತಿಗೆ ಹಾರ್ಮೋನಿಯಂ ನುಡಿಸಲು ಊರವರು ಕರೆದಾಗ ಕೈ ಬಾರದು ಎಂದಿರಿ. ಅತ್ತೆಯನ್ನು ಕೇಳಿದೆ. ಮದುವೆಗೆ ಮೊದಲು ಆ ಮಿಲ್ಲಿನವರ ಮಗಳಿಗೆ ಸಂಗೀತ ಕಲಿಸುತ್ತಿದ್ದ ಎಂದರು, ಮುಂದಕ್ಕೆ ಬಾಯಿ ಬಿಡಲಿಲ್ಲ. ಅವರಿಗೂ ಗೊತ್ತಿದೆ, ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಮಕ್ಕಳನ್ನು ಅವರ ಬಳಿ ಬಿಟ್ಟು ಗಂಗಾವತಿ ಬಸ್ಸು ಹತ್ತಿದೆ.

ಮಿಲ್ಲಿನವರ ಮನೆಯಲ್ಲಿ ಸಾಹುಕಾರರ ಹೆಂಡತಿ ಆದರದಿಂದಲೇ ಕೂರಿಸಿದರು. ವೆಂಕೋಬ ಮಾಸ್ತರ ಮನೆಯವರು ಎಂದು ತಿಳಿದ ಮೇಲೆ ಉಪ್ಪಿಟ್ಟು ಕೊಟ್ಟರು. ಹೊಸ ಮಿಲ್ಲು ಶುರುವಾದಾಗ ಬಂದವರಿಗೆಲ್ಲ ಮಗಳ ಹಾಡಿನ ಪ್ಲೇಟು ಕೊಟ್ಟಿದ್ದನ್ನು, ವರನ ಕಡೆಯವರು ಅದನ್ನು ಕೇಳಿಯೇ ಒಪ್ಪಿದ್ದನ್ನು ಹೇಳಿದರು. ಬಾಣಂತನಕ್ಕೆ ಬಂದಿದ್ದ ಕಸ್ತೂರೆಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೆಲ ನೋಡುತ್ತಿದ್ದಳು. ಆ ಹಾಡಿನ ಒಂದು ಸಾಲು ಹೇಳಮ್ಮ ಎಂದೆ. ಗಂಟಲು ಸರಿಯಿಲ್ಲ ಎಂದಳು. ಇವಳೇ ಇರಬೇಕು, ಹೆದರಿದ್ದಾಳೆ ಎಂದುಕೊಂಡೆ.

ಬಾಗಿಲವರೆಗೆ ಕಳಿಸಲು ಬಂದವಳು ತಾಯಿಗೆ ಕೇಳಿಸದಂತೆ ಹೇಳಿದಳು: ‘ಅದು ನನ್ನ ದನಿ ಅಲ್ರಿ, ಅಕ್ಕಾರ. ಮದ್ರಾಸಿನ್ಯಾಗ ಮೈಕಿನ ಮುಂದ ನಿಂತಾಗ ನನಗ ಬಾಯೇ ಬರಲಿಲ್ಲ. ಹಾಡಿದಾಕಿ ಮಾರೆವ್ವ. ನಮ್ಮ ಮಿಲ್ಲಿನ್ಯಾಗ ಅಕ್ಕಿ ಹಸನ ಮಾಡತಿದ್ದಳು. ನಿಮ್ಮ ಮಾಸ್ತರಿಗೆ ಎಲ್ಲಾ ಗೊತ್ತೈತ್ರಿ.’

ಮಾರೆವ್ವ ಈಗ ಕನಕಗಿರಿಯಲ್ಲಿ ಇದ್ದಾಳೆಂದೂ ಆಕೆಯೇ ಹೇಳಿದಳು. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಎಷ್ಟು ಮಾರೆವ್ವಂದಿರನ್ನು ಕಂಡೆನೋ. ಎಲ್ಲರೂ ನನಗಿಂತ ಚೆಲುವೆಯರು. ಒಬ್ಬಳ ಕಂಕುಳಲ್ಲಿ ನಿಮ್ಮ ಮೂಗಿನ ಮಗುವನ್ನೂ ಕಂಡೆ.

ಸಂತೆಯಲ್ಲಿ ಹುಣಸೆಹಣ್ಣು ಹರಡಿಕೊಂಡು ಕೂತಿದ್ದ ಮುದುಕಿಯನ್ನು ಜನ ತೋರಿಸಿದರು. ನಂಬಲಾಗದೆ ಮತ್ತೊಮ್ಮೆ ಕೇಳಿದೆ. ಆಕೆಯೇ. ನಿಮ್ಮ ತಾಯಿಯ ವಯಸ್ಸು. ತಲೆ ಪೂರ್ತಿ ಬೆಳ್ಳಗಾಗಿದೆ. ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಮೊದಲು ಎದೆ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಮರುಗಳಿಗೆಗೆ ನಿಮ್ಮ ‘ಹಾಡ ಮಾರಿ’ ನೆನಪಾಯಿತು. ಅದರಲ್ಲಿದ್ದುದು ಸಲಿಗೆಯಲ್ಲ. ತಾಯಿಯಂಥ ಹೆಂಗಸನ್ನು ಆಳು ಎನ್ನುವ ಕಾರಣಕ್ಕೆ ಅರ್ಧ ಹೆಸರಿನಲ್ಲಿ ಕರೆದ ದನಿ ಅದು.

ಪ್ಲೇಟಿನ ಸಂಗತಿ ಆಕೆಗೆ ಗೊತ್ತೇ ಇರಲಿಲ್ಲ. ಸಾಹುಕಾರರ ಮಗಳನ್ನು ನೋಡಿಕೊಳ್ಳಲೆಂದು ಮದ್ರಾಸಿಗೆ ಹೋಗಿದ್ದು ನೆನಪಿದೆ, ಸಮುದ್ರ ನೋಡಿದ್ದು ನೆನಪಿದೆ. ‘ಮಷೀನ್ ಪರೀಕ್ಷಾ ಮಾಡಬೇಕು, ಏನರ ಹಾಡು ಅಂದ್ರು ಮಾಸ್ತರು. ಹಾಡಿದೆ. ಸಾಕು ಅಂದ್ರು, ಹೊರಗ ಬಂದು ಕುಂತೆ.’ ಅಷ್ಟೇ ಆಕೆಗೆ ತಿಳಿದದ್ದು.

ಸಂತೆಯ ಪಕ್ಕದ ಚಹಾದಂಗಡಿಯಲ್ಲಿ ಪ್ಲೇಟಿನ ಮಷೀನಿತ್ತು. ಕರೆದುಕೊಂಡು ಹೋಗಿ ಹಾಕಿಸಿದೆ. ಮೊದಲ ಸಾಲಿಗೇ ಆಕೆ ಬೆಂಚಿನ ಅಂಚು ಹಿಡಿದುಕೊಂಡಳು. ಕಾಲುವೆ ಅಗೆಯಲು ಹೋದ ಅಣ್ಣ ಮಣ್ಣು ಕುಸಿದು ಸತ್ತಾಗ ಆಕೆ ತಾನೇ ಕಟ್ಟಿಕೊಂಡ ಹಾಡಂತೆ. ಬುತ್ತಿ ಒಯ್ದವಳು ಆಕೆಯೇ. ಗದ್ದೆಯಲ್ಲಿ, ಮಿಲ್ಲಿನಲ್ಲಿ ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿದ್ದಳು. ಹಲ್ಲು ಬಿದ್ದ ಮೇಲೆ ಬಿಟ್ಟಿದ್ದಳು. ಪ್ಲೇಟು ಮುಗಿದ ಮೇಲೆ, ಚೀಟಿಯ ಮೇಲೆ ಬೆರಳಿಟ್ಟು ಇಲ್ಲಿ ಏನು ಬರೆದಿದೆ ಎಂದು ಕೇಳಿದಳು. ಓದಿ ಹೇಳಿದೆ.

‘ಮಾಸ್ತರು ಓದಿದವರಲ್ಲೇನವ್ವಾ,’ ಎಂದಳು. ‘ಅವರು ಇದನ್ನ ನೋಡಲಿಲ್ಲೇನು?’

ಆ ಪ್ರಶ್ನೆ ನಿಮಗೆ ಸೇರಿದ್ದು, ಅದಕ್ಕೇ ಬರೆಯುತ್ತಿದ್ದೇನೆ. ಹಾಡಿಸುವಾಗ ನಿಜವಾಗಿಯೂ ಪರೀಕ್ಷೆಗೆಂದೇ ಹಾಡಿಸಿದಿರೋ, ಇಲ್ಲ ಮೊದಲೇ ಮಾತಾಗಿತ್ತೋ? ಅದೇ ವರ್ಷ ಸಾಹುಕಾರರು ಓಡಾಡಿ ನಿಮಗೆ ಮಾಸ್ತರಿಕೆ ಕೊಡಿಸಿದರಂತೆ. ಇದನ್ನೂ ಕಸ್ತೂರೆಮ್ಮನೇ ಹೇಳಿದಳು. ಹಾಗಾದರೆ ನಾವು ಈವರೆಗೆ ಉಂಡ ಅನ್ನ ಯಾರ ದನಿಯದು? ಪ್ಲೇಟನ್ನು ಬಿಸಾಡದೆ ಅಷ್ಟು ಜೋಪಾನ ಮಾಡಿದ್ದು ನಾಚಿಕೆಯಿಂದಲೋ, ಹಾರ್ಮೋನಿಯಂ ನಿಮ್ಮದೆಂಬ ಹೆಮ್ಮೆಯಿಂದಲೋ? ಒಮ್ಮೆ ಹೀಗೆ ಅನ್ನಿಸುತ್ತದೆ, ಒಮ್ಮೆ ಹಾಗೆ. ಬೇರೆ ಹೆಂಗಸಿನ ಅನುಮಾನ ಹೋಯಿತು. ಆದರೆ ನಾನು ಯಾರ ಜೊತೆ ಸಂಸಾರ ಮಾಡಿದ್ದೇನೆ ಎಂಬ ಅನುಮಾನ ಅದಕ್ಕಿಂತ ಭಾರವಾಗಿದೆ.

ಪ್ಲೇಟನ್ನು ಮಾರೆವ್ವನಿಗೆ ಕೊಟ್ಟು ಬಂದೆ. ನಿಮ್ಮನ್ನು ಕೇಳಲಿಲ್ಲ, ಅದು ನಿಮ್ಮದಾಗಿರಲಿಲ್ಲ.

ಶನಿವಾರ ರಾಯಚೂರಿನಿಂದ ಗಂಗಾವತಿಗೆ ಬಂದು, ಅಲ್ಲಿಂದ ಕುಷ್ಟಗಿ ಬಸ್ಸು ಹಿಡಿದು ಕನಕಗಿರಿಯಲ್ಲಿ ಇಳಿಯಿರಿ. ಆಕೆಯ ಮನೆಯನ್ನು ಯಾರಾದರೂ ತೋರಿಸುತ್ತಾರೆ. ಏನು ಹೇಳಬೇಕೆಂದು ನಾನು ಕಲಿಸುವುದಿಲ್ಲ. ಅಲ್ಲಿಗೆ ಹೋಗಿ ಬಂದರೆ ನಿಮ್ಮ ಊಟ ನಾನೇ ಬಡಿಸುತ್ತೇನೆ. ನೇರ ಮನೆಗೆ ಬಂದರೆ ಬಾಗಿಲು ತೆರೆದೇ ಇರುತ್ತದೆ, ಮಕ್ಕಳೂ ಅತ್ತೆಯೂ ಇರುತ್ತಾರೆ. ನಾನು ಮಾತ್ರ ನೀವು ಬಂದ ಕೂಡಲೇ ತಳಕಲ್ಲಿನ ತವರುಮನೆಗೆ ಹೊರಡುತ್ತೇನೆ.

ಆ ಮನೆಯ ಹೊಸ್ತಿಲವರೆಗೆ ನಡೆಯುವ ಶಕ್ತಿಯನ್ನು ದೇವರು ನಿಮ್ಮ ಕಾಲಿಗೆ ಕೊಡಲಿ.

ನಿಮ್ಮ ಹೆಂಡತಿ,
ಹಂಪವ್ವ