ಬಿಸಿಲು ಬಂತೆಂದು ಮಾತ್ರೆ ಬಿಟ್ಟ ತಮ್ಮನಿಗೆ

ತಮ್ಮಾ,

ನಾನು ಕ್ಷೇಮ. ನೀನೂ ಹಾಗೇ ಎಂದು ನಂಬಲಾಗುತ್ತಿಲ್ಲ.

ಇಲ್ಲಿನ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನನಗೆ ತರಬೇತಿ. ಗೋಡೆಯ ಮೇಲೆ ಈ ಊರಿನ ಹತ್ತು ವರ್ಷಗಳ ಆತ್ಮಹತ್ಯೆಗಳ ಗ್ರಾಫ್ ಇದೆ. ಗೆರೆ ಏರುವುದು ಚಳಿಯ ಮಂಕು ತಿಂಗಳುಗಳಲ್ಲಿ ಎಂದುಕೊಂಡಿದ್ದೆ. ಅಲ್ಲ, ಬಿಸಿಲು ಮರಳುವಾಗ. ಅದೂ ಗಂಡಸರದು ಹೆಚ್ಚು. ಖಿನ್ನತೆಯ ಮಾತ್ರೆ ಒಯ್ಯುವವರ ಪಟ್ಟಿಯಲ್ಲಿ ಮಾತ್ರ ಹೆಂಗಸರೇ ತುಂಬಿದ್ದಾರೆ. "ಬಿಸಿಲು ಬಂತು ಅಂದ್ರೆ ಗಂಡಸ್ರ ಸ್ವೆಟರ್ ಜೊತೆ ಮಾತ್ರೇನೂ ಬೀರು ಸೇರುತ್ತೆ ಮೇಡಂ," ಎಂದರು ದಾಖಲೆ ನೋಡಿಕೊಳ್ಳುವ ಹಿರಿಯಾಕೆ. ಫೋನಿನಲ್ಲಿ ನೀನೂ ಅದನ್ನೇ ಹೇಳಿದೆಯಲ್ಲ, "ಬಿಸಿಲು ಬಂತಲ್ಲಕ್ಕ, ಇನ್ಯಾಕೆ ಮಾತ್ರೆ?" ಎಂದು!

ನಾನು ಆರು ವರ್ಷದಿಂದ ಈ ಮಾತ್ರೆ ನುಂಗುತ್ತಿದ್ದೇನೆ, ಈಗ ಇಲ್ಲಿ ಊಟದ ಮೇಜಿನಲ್ಲಿ ಎಲ್ಲರೆದುರೇ. ನೀನು ವಿಟಮಿನ್ ಡಬ್ಬಿಯಲ್ಲಿ ಬಚ್ಚಿಡುವುದನ್ನು ಹೀಗೆ ತೆರೆದ ಅಂಚೆ ಕಾರ್ಡಿನಲ್ಲಿ ಬರೆಯಬಹುದೇ ಎಂದು ಎರಡು ದಿನ ಯೋಚಿಸಿದೆ. ಕವರಿನೊಳಗೆ ಬರೆದರೆ ನಾನೂ ನಾಚಿಕೊಂಡಂತೆ. ಇವತ್ತೇ ಡಾಕ್ಟರಿಗೆ ಫೋನ್ ಮಾಡು. ನನ್ನನ್ನು ಬೈಯುವುದಾದರೆ ಬೈ; ಬೈಯುವುದಕ್ಕಾದರೂ ನೀನಿರಬೇಕು.

ನಿನ್ನ ಅಕ್ಕ

ಅಂಚೆಯಣ್ಣಾ, ನೀವು ಹೇಗೂ ಓದಿದ್ದೀರಿ. ಕಾರ್ಡ್ ಕೊಡುವಾಗ "ಡಾಕ್ಟರಿಗೆ ಫೋನ್ ಮಾಡಿದ್ರಾ?" ಅಂತ ಕೇಳಿಬಿಡಿ.