ಮೂರನೆಯ ತೆರಪು ಎರಡೇ ಬೆರಳು

ಮಾನ್ಯರೇ,

ನೀವು ಯಾರೆಂದು ನನಗೆ ಗೊತ್ತಿಲ್ಲ. ಬಹುಶಃ ನಿಮಗೂ ಇನ್ನೂ ಗೊತ್ತಿರಲಿಕ್ಕಿಲ್ಲ. ಬರುವ ಏಪ್ರಿಲ್ ಒಂದರಂದು ನಮ್ಮ ನಗರ ಕಚೇರಿಯ ಎರಡನೆಯ ಮಹಡಿಯಲ್ಲಿ, ಸಾಮಾನ್ಯ ಆಡಳಿತ ವಿಭಾಗದ ಮುಖ್ಯಸ್ಥರ ಕುರ್ಚಿಗೆ ವರ್ಗವಾಗಿ ಬರಲಿರುವವರು ಯಾರೋ, ಅವರಿಗೆ ಈ ಪತ್ರ. ಈಗ ಆ ಕುರ್ಚಿಯಲ್ಲಿರುವವರಿಗೆ ಬರೆದು ಫಲವಿಲ್ಲ. ನಿವೃತ್ತಿ ಹತ್ತಿರವಾಗಿ ಅವರು ಆಗಲೇ ಮೇಜಿನ ಖಾನೆಗಳನ್ನು ರಟ್ಟಿನ ಪೆಟ್ಟಿಗೆಗೆ ಖಾಲಿ ಮಾಡುತ್ತಿದ್ದಾರೆ. ನನ್ನ ದೂರು ದೊಡ್ಡದೇನಲ್ಲ. ನಿಮ್ಮ ಕಚೇರಿ ನಮ್ಮ ಹಳೆಯ ಪಟ್ಟಣದ ಬಾವುಟವನ್ನು ತಿದ್ದಿ, ಬದುಕಿರುವ ಒಬ್ಬ ಮನುಷ್ಯನನ್ನು ಸಮುದ್ರದಲ್ಲಿ ಮುಳುಗಿಸಿದೆ. ಏಪ್ರಿಲ್ ನಾಲ್ಕರೊಳಗೆ ಅವರನ್ನು ಮೇಲೆತ್ತಿಕೊಡಿ.

ಇದನ್ನು ಕೌಂಟರಿಗೆ ಬಂದು ಹೇಳಬಹುದಿತ್ತಲ್ಲ, ಪತ್ರಿಕೆಯಲ್ಲಿ ಏಕೆ ಬರೆಯುತ್ತೀರಿ ಎಂದು ನೀವು ಕೇಳಬಹುದು. ಬಂದಿದ್ದೇನೆ ಸ್ವಾಮಿ. ಐದು ವರ್ಷಗಳಿಂದ ಬರುತ್ತಿದ್ದೇನೆ. ಸರದಿಯ ಚೀಟಿ ಹರಿದುಕೊಂಡು, ಗೋಡೆಯ ಮೇಲಿನ ಹೂವಿನ ಕ್ಯಾಲೆಂಡರ್ ನೋಡುತ್ತಾ ಕೂತು, ನನ್ನ ಅಂಕಿ ಕೂಗಿದಾಗ ಮಂಡಿ ಹಿಡಿದುಕೊಂಡು ಎದ್ದು, ಮೊದಲಿನಿಂದ ಕತೆ ಹೇಳಿದ್ದೇನೆ. ಪ್ರತಿಯೊಬ್ಬರೂ ಎಷ್ಟು ವಿನಯದಿಂದ ತಲೆ ಬಾಗಿಸುತ್ತಾರೆಂದರೆ ಸಿಟ್ಟು ಮಾಡಲಿಕ್ಕೂ ನಾಚಿಕೆಯಾಗುತ್ತದೆ. "ಖಂಡಿತ ಪರಿಶೀಲಿಸ್ತೀವಿ ಅಮ್ಮ" ಎನ್ನುತ್ತಾರೆ. ಆ ಮಾತಿಗೆ ಆಗುವುದಿಲ್ಲ ಎಂದು ಅರ್ಥವೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೂ ಯಾರಾದರೊಬ್ಬರು ನಿಜಕ್ಕೂ ಪರಿಶೀಲಿಸಲು ಕೂತರೆನ್ನಿ, ಅಷ್ಟರಲ್ಲಿ ಏಪ್ರಿಲ್ ಒಂದು ಬಂದುಬಿಡುತ್ತದೆ. ಅವರು ಕುಡಿಯುವ ನೀರಿನ ವಿಭಾಗಕ್ಕೋ, ಗ್ರಂಥಾಲಯಕ್ಕೋ ಹೋಗುತ್ತಾರೆ. ಹೊಸಬರು ಬಂದು, ಅಷ್ಟೇ ವಿನಯದಿಂದ ತಲೆ ಬಾಗಿಸಿ, "ಹಸ್ತಾಂತರದ ಟಿಪ್ಪಣಿಯಲ್ಲಿ ಈ ವಿಷಯ ಇಲ್ವಲ್ಲಾ" ಎನ್ನುತ್ತಾರೆ. ನಮ್ಮ ದಿನವಿರುವುದು ಏಪ್ರಿಲ್ ನಾಲ್ಕಕ್ಕೆ. ನಡುವೆ ಮೂರು ದಿನ. ಎಪ್ಪತ್ತಾರು ವರ್ಷದವಳು ಎಷ್ಟು ಸಲ ಹಾಡಿದ್ದೇ ಹಾಡಬೇಕು? ಅದಕ್ಕೇ ಈ ಸಲ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದೇನೆ. ನಿಮ್ಮ ಹಸ್ತಾಂತರದ ಟಿಪ್ಪಣಿ ಇದೇ ಎಂದು ತಿಳಿಯಿರಿ.

ನಾನು ಉರಾಜಿರಿಯವಳು. ನಕ್ಷೆಯಲ್ಲಿ ಹುಡುಕಬೇಡಿ, ಇಪ್ಪತ್ತು ವರ್ಷಗಳ ಹಿಂದೆ ಅಳಿಸಿದ್ದೀರಿ. ಮೂರು ಪಟ್ಟಣಗಳನ್ನು ಕಲಸಿ ಒಂದು ನಗರ ಮಾಡಿದಾಗ ನಮ್ಮ ಪಟ್ಟಣದ ಬಾವುಟವನ್ನು ಬ್ಯಾಂಡ್ ಬಾರಿಸಿ ಇಳಿಸಿದರು, ಮಡಚಿದರು, ಕಪ್ಪು ಮೆರುಗಿನ ತಟ್ಟೆಯಲ್ಲಿಟ್ಟು ಹೊಸ ನಗರಕ್ಕೆ ಒಪ್ಪಿಸಿದರು. ಬದಲಿಗೆ ನಮಗೊಂದು ಹೊಸ ಬಾವುಟ ಬಂತು. ನೀಲಿ, ಹಸಿರು, ಕಿತ್ತಳೆ ಬಣ್ಣದ ಮೂರು ಬಾಲಗಳು ಒಂದರ ಹಿಂದೊಂದು ಓಡುವ ಚಿತ್ರ. ಜೊತೆಗೆ ಅರ್ಥವಿವರಣೆಯ ಹಾಳೆ: ನೀಲಿ ಎಂದರೆ ಸಮುದ್ರ, ಹಸಿರು ಎಂದರೆ ಬೆಟ್ಟ, ಕಿತ್ತಳೆ ಎಂದರೆ ನಾಗರಿಕರ ಹುಮ್ಮಸ್ಸು, ದುಂಡಗಿರುವುದು ಸಾಮರಸ್ಯ, ಚೂಪಾಗಿರುವುದು ಭವಿಷ್ಯದ ಕಡೆಗೆ ನೆಗೆತ. ನಾನು ಬಾವುಟಕ್ಕೆ ಬಣ್ಣ ಹಾಕುವ ಮನೆಯವಳು. ದೋಣಿಗಳಿಗೆ, ಶಾಲೆಗಳಿಗೆ, ಸುತ್ತಲಿನ ಹತ್ತಾರು ಹಳ್ಳಿ ಪಟ್ಟಣಗಳಿಗೆ ನಮ್ಮ ಅಂಗಡಿಯಿಂದಲೇ ಬಾವುಟ ಹೋಗುತ್ತಿತ್ತು, ಪ್ರತಿಯೊಂದರ ಜೊತೆಗೂ ಇಂಥದೇ ಒಂದು ಹಾಳೆ ಬರುತ್ತಿತ್ತು. ಎಲ್ಲೆಲ್ಲೂ ಅದೇ ಸಾಮರಸ್ಯ, ಅದೇ ನೆಗೆತ. ಈ ದೇಶದ ಊರುಗಳೆಲ್ಲ ಐವತ್ತು ವರ್ಷಗಳಿಂದ ಬಾವುಟದಲ್ಲಿ ನೆಗೆಯುತ್ತಲೇ ಇವೆ, ಜನ ಮಾತ್ರ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಬೆಟ್ಟ ಇಲ್ಲದ ಊರಿಗೂ ಹಸಿರು ಬಾಲ ಅಂಟಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನೇ ಬಣ್ಣ ಹಾಕಿದ್ದೇನೆ.

ಉರಾಜಿರಿಯ ಬಾವುಟ ಅಂಥದ್ದಲ್ಲ. ಕಡುನೀಲಿ ಬಟ್ಟೆ, ನಡುವೆ ಒಂದು ಬಿಳಿ ಬಳೆ. ಬಳೆ ಮೂರು ಕಡೆ ಕಡಿದಿದೆ. ಎರಡು ತೆರಪುಗಳು ನಾಲ್ಕು ಬೆರಳಗಲ, ಮೂರನೆಯದು ಎರಡೇ ಬೆರಳು. ಅದನ್ನು ಬರೆದವರು ನನ್ನ ತಂದೆ. ಸಾವಿರದ ಒಂಬೈನೂರ ಐವತ್ತೊಂಬತ್ತರ ಏಪ್ರಿಲ್ ನಾಲ್ಕರಂದು ಬಿರುಗಾಳಿಗೆ ನಮ್ಮ ಮೂರು ದೋಣಿಗಳು ಸಿಕ್ಕವು. ಎರಡರಿಂದ ಯಾರೂ ಬರಲಿಲ್ಲ. ಮೂರನೆಯದು, ಹತ್ಸುಶಿಯೊ ಎಂಬ ದೋಣಿ, ಎಂಟು ಜನರನ್ನು ಕೂರಿಸಿಕೊಂಡು ಹೋದದ್ದು, ನಾಲ್ವರನ್ನು ಕರೆತಂದಿತು. ಮೂರು ವರ್ಷದ ನಂತರ ಪಟ್ಟಣಕ್ಕೊಂದು ಬಾವುಟ ಬೇಕೆಂದು ಸ್ಪರ್ಧೆ ಇಟ್ಟಾಗ ಅಪ್ಪ ಈ ಬಳೆ ಬರೆದರು. ನಮ್ಮ ಕಸುಬಿನಲ್ಲಿ ಬಿಳಿ ಉಳಿಯಬೇಕಾದ ಕಡೆ ಅಕ್ಕಿಗಂಜಿ ಹಚ್ಚುತ್ತೇವೆ, ಆಮೇಲೆ ಬಣ್ಣ. ಗಂಜಿ ಇಲ್ಲದ ಕಡೆ ನೀಲಿ ಒಳಗೆ ನುಗ್ಗುತ್ತದೆ. ಎರಡು ಕಡೆ ಪೂರ್ತಿ ನುಗ್ಗಿತು, ಮೂರನೆಯ ಕಡೆ ಅರ್ಧ. ಅರ್ಧ ಮರಳಿದ ದೋಣಿಗೆ ಅರ್ಧ ತೆರಪು. ಅದರ ಅಳತೆಗೆ ಅಪ್ಪ ಕಡ್ಡಿ ಹಿಡಿಯಲಿಲ್ಲ. ಆ ನಾಲ್ವರಲ್ಲಿ ಕಿರಿಯರಾದ ಕುರಿಯಾ ಟೊಕುಜಿಯವರನ್ನು ಅಂಗಡಿಗೆ ಕರೆದು, ಅವರ ಎರಡು ಬೆರಳನ್ನು ಬಟ್ಟೆಯ ಮೇಲೆ ಇಡಿಸಿ, ಆಚೆ ಈಚೆ ಗಂಜಿಯಿಂದ ಗೆರೆ ಎಳೆದರು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಟೊಕುಜಿಯವರು ಅಳುತ್ತಿದ್ದರು, ಅಪ್ಪ ಗದರುತ್ತಿದ್ದರು. "ಅಲ್ಲಾಡ್ಬೇಡ್ವೋ, ಗೆರೆ ಕೆಡುತ್ತೆ!"

ಸ್ಪರ್ಧೆಯ ಅರ್ಜಿಯಲ್ಲಿ "ಅರ್ಥವಿವರಣೆ" ಎಂಬ ಜಾಗವನ್ನು ಅಪ್ಪ ಖಾಲಿ ಬಿಟ್ಟರು. ಪಟ್ಟಣ ಕಚೇರಿಯ ಗುಮಾಸ್ತರು ಅರ್ಜಿ ಹಿಡಿದುಕೊಂಡು ಮನೆಗೇ ಬಂದರು.

"ಯಜಮಾನ್ರೇ, ಇಲ್ಲೇನಾದ್ರೂ ಬರೀಲೇಬೇಕು. ಖಾಲಿ ಬಿಟ್ರೆ ಮೇಲಿನೋರು ಒಪ್ಪಲ್ಲ."

"ಊರಿಗೆಲ್ಲಾ ಗೊತ್ತಿರೋದನ್ನ ಏನಂತ ಬರೀಲಿ?"

"ಸತ್ತೋರ ವಿಷ್ಯ ಬರೆಯೋಕಾಗುತ್ತಾ? ಬಾವುಟ ಅಂದ್ರೆ ಶುಭ ಇರ್ಬೇಕು."

"ಹಾಗಾದ್ರೆ ಶುಭ ನೀನೇ ಬರ್ಕೋ. ನಂಗೆ ಕೆಲ್ಸ ಇದೆ."

ಗುಮಾಸ್ತರು ಬರೆದುಕೊಂಡರು: ಬಳೆ ಎಂದರೆ ಸಾಮರಸ್ಯ, ಮೂರು ತೆರಪುಗಳೆಂದರೆ ಭೂತ, ವರ್ತಮಾನ, ಭವಿಷ್ಯ. ಊರು ಅದನ್ನು ಓದಿ ಸುಮ್ಮನಾಯಿತು. ಬಾವುಟ ಏರಿತು. ಪ್ರತಿ ಏಪ್ರಿಲ್ ನಾಲ್ಕರಂದು ಬಂದರಿನ ಕಂಬದಲ್ಲಿ ಅದನ್ನು ಮೊದಲು ಅರ್ಧಕ್ಕೆ ಏರಿಸಿ, ಸಮುದ್ರಕ್ಕೆ ಸಾಕೆ ಎಂಬ ಅಕ್ಕಿಮದ್ಯ ಸುರಿದು, ಆಮೇಲೆ ತುದಿಗೆ ಏರಿಸುವುದು ರೂಢಿ. ಹಗ್ಗ ಹಿಡಿಯುವವರು ಹತ್ಸುಶಿಯೊ ದೋಣಿಯವರು. ಮೊದಲು ನಾಲ್ವರು ಹಿಡಿಯುತ್ತಿದ್ದರು. ಹದಿನೆಂಟು ವರ್ಷಗಳಿಂದ ಟೊಕುಜಿಯಣ್ಣ ಒಬ್ಬರೇ.

ನಗರವಾದ ಮೇಲೂ ನಮ್ಮ ಅಂಗಡಿಯಲ್ಲಿದ್ದ ಇನ್ನೊಂದು ಬಾವುಟವನ್ನು ಹಾಗೇ ಏರಿಸುತ್ತಿದ್ದೆವು, ಯಾರೂ ಏನೂ ಅನ್ನಲಿಲ್ಲ. ಐದು ವರ್ಷದ ಹಿಂದೆ ನಿಮ್ಮಲ್ಲಿ ಒಬ್ಬರಿಗೆ ಜ್ಞಾನೋದಯವಾಯಿತು: ಬಂದರಿನ ಕಂಬ ಸಾರ್ವಜನಿಕ ಸ್ವತ್ತು, ಅಸ್ತಿತ್ವದಲ್ಲಿಲ್ಲದ ಪಟ್ಟಣದ ಬಾವುಟ ಏರಿಸಲು ಅನುಮತಿ ಬೇಕು. ಅಂದಿನಿಂದ ನನ್ನ ಕೌಂಟರ್ ಯಾತ್ರೆ. ಅನುಮತಿ ಬಾರದ ವರ್ಷಗಳಲ್ಲಿ ಬಾವುಟವನ್ನು ಬಿದಿರಿಗೆ ಕಟ್ಟಿ ಕೈಯಲ್ಲೇ ಹಿಡಿದು ನಿಂತೆವು. ಎರಡು ವರ್ಷದ ಹಿಂದೆ ಹಾಗೆ ನಿಂತಾಗ ಕಡಲ ಗಾಳಿಗೆ ಬಟ್ಟೆ ಹರಿದುಹೋಯಿತು. ಕಳೆದ ವರ್ಷ ಮಾತ್ರ ನಿಮ್ಮ ಕುರ್ಚಿಯಲ್ಲಿ ಒಬ್ಬ ಒಳ್ಳೆಯವರಿದ್ದರು. ಕತೆ ಕೇಳಿದರು, ಟಿಪ್ಪಣಿ ಮಾಡಿಕೊಂಡರು. "ಅಮ್ಮ, ಕಂಬಕ್ಕೆ ಅನುಮತಿ ನಾನ್ ಕೊಡಿಸ್ತೀನಿ. ಬಾವುಟಾನೂ ನಾವೇ ಮಾಡ್ಸಿ ಕಳಿಸ್ತೀವಿ, ನೀವ್ಯಾಕೆ ಈ ವಯಸ್ಸಲ್ಲಿ ಕಷ್ಟ ಪಡ್ತೀರಿ" ಎಂದರು. ಏಪ್ರಿಲ್ ಒಂದಕ್ಕೆ ಅವರು ಕುಡಿಯುವ ನೀರಿಗೆ ಹೋದರು. ಆದರೆ ಮಾತು ಉಳಿಸಿಕೊಂಡರು. ಮೂರನೇ ತಾರೀಖು ಪಾರ್ಸೆಲ್ ಬಂತು, ಜೊತೆಗೆ ಅವರ ಕೈಬರಹದ ಒಂದು ಕಾರ್ಡು. ಆ ಕಾರ್ಡು ಈಗಲೂ ನನ್ನ ಬಳಿ ಇದೆ. ಅವರ ಮೇಲೆ ನನಗೆ ಕೋಪವಿಲ್ಲ.

ನಾಲ್ಕರ ಬೆಳಿಗ್ಗೆ ಎಲ್ಲರೂ ಬಂದರಿನಲ್ಲಿ ಸೇರಿದೆವು. ತೊಂಬತ್ತರ ಟೊಕುಜಿಯಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಹಗ್ಗ ಎಳೆದರು. ಅರ್ಧಕ್ಕೆ ಏರಿದ ಬಾವುಟ ಗಾಳಿಗೆ ಬಿಚ್ಚಿಕೊಂಡಿತು. ಕಂಪ್ಯೂಟರಿನಲ್ಲಿ ಬರೆದು, ಯಂತ್ರದಲ್ಲಿ ಅಚ್ಚು ಹೊಡೆದ ಪಾಲಿಯೆಸ್ಟರ್ ಬಟ್ಟೆ. ಬಣ್ಣ ಚೆನ್ನಾಗಿಯೇ ಇತ್ತು. ಮೂರು ತೆರಪುಗಳೂ ಇದ್ದವು. ಮೂರೂ ನಾಲ್ಕು ಬೆರಳಗಲ. ಟೊಕುಜಿಯಣ್ಣ ತುಂಬಾ ಹೊತ್ತು ನೋಡಿದರು. ಕಣ್ಣು ಮಂಜಾಗಿದೆ ಅಂದುಕೊಂಡರೋ ಏನೋ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಬಣ್ಣದಂಗಡಿ ಹುಡುಗೀ," ಎಂದರು. ಅವರಿಗೆ ನಾನು ಇನ್ನೂ ಅದೇ. "ಹಾಗಾದ್ರೆ ನಾನೂ ಬರ್ಲಿಲ್ಲ ಅನ್ನು."

ಅವರೇ ಮುಂದುವರಿದರು. "ಇರ್ಲಿ ಬಿಡು. ಅರವತ್ತಾರು ವರ್ಷ ಕಳ್ಳತನದಲ್ಲಿ ಬದುಕಿದ್ದಾಯ್ತು. ಈಗ ಲೆಕ್ಕ ಸರಿಮಾಡಿದಾರೆ."

ಸುತ್ತಲಿದ್ದವರು ನಕ್ಕರು, ಅವರೂ ನಕ್ಕರು. ಆದರೆ ಬಾವುಟವನ್ನು ತುದಿಗೆ ಏರಿಸಲಿಲ್ಲ. ಹಗ್ಗವನ್ನು ಅರ್ಧದಲ್ಲೇ ಕಟ್ಟಿ, ಸಾಕೆ ಕುಡಿಯದೆ ಮನೆಗೆ ನಡೆದರು. ಆ ಬೆನ್ನು ನೋಡಿ ನನಗೆ ಆದ ಸಂಕಟವನ್ನು ನಿಮ್ಮ ಯಾವ ನಮೂನೆಯಲ್ಲಿ ತುಂಬಲಿ?

ಮಾರನೆಯ ವಾರ ಮತ್ತೆ ಚೀಟಿ ಹರಿದುಕೊಂಡೆ. ಆಗತಾನೇ ಬಂದಿದ್ದ ಹೊಸ ಮುಖ್ಯಸ್ಥರು ಕಡತ ತರಿಸಿದರು. ಪಟ್ಟಣಗಳು ನಗರಕ್ಕೆ ಸೇರುವಾಗ ಹಳೆಯ ಬಾವುಟಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಾರೆ. ಆಗ ಯಾರೋ ಒಬ್ಬ ಶ್ರದ್ಧಾವಂತರಿಗೆ ಮೂರನೆಯ ತೆರಪು ಕಿರಿದಾಗಿ ಕಂಡಿದೆ. ಕೈಕೆಲಸದ ದೋಷವೆಂದು ಸಮ ಮಾಡಿದ್ದಾರೆ.

"ಅಮ್ಮ, ಭೂತ, ವರ್ತಮಾನ, ಭವಿಷ್ಯ ಅಂತಿದೆ. ಭವಿಷ್ಯ ಒಂದೇ ಚಿಕ್ಕದಾಗಿದ್ರೆ ಚೆನ್ನಾಗಿರಲ್ಲ ಅಲ್ವಾ?"

"ಅದು ಭವಿಷ್ಯ ಅಲ್ಲಪ್ಪಾ. ಅದು ಹತ್ಸುಶಿಯೊ."

"ಹಾಗಂತ ಎಲ್ಲಾದ್ರೂ ಬರ್ದಿದೆಯಾ?"

ಬರೆದಿರಲಿಲ್ಲ. ಹಾಗಾದರೆ ತಟ್ಟೆಯಲ್ಲಿಟ್ಟು ಒಪ್ಪಿಸಿದ ಮೂಲ ಬಾವುಟವನ್ನೇ ತೆಗೆದು ಅಳೆಯಿರಿ ಎಂದೆ. ಅದು ಉಗ್ರಾಣದಲ್ಲಿದೆ, ಮಡಿಕೆಯಲ್ಲಿ ಬಟ್ಟೆ ಸೀಳುವ ಭಯವಿರುವುದರಿಂದ ಬಿಚ್ಚುವಂತಿಲ್ಲ ಎಂದರು. ನಾನೇ ಹೊಸದು ಮಾಡಿ ಏರಿಸುತ್ತೇನೆ ಎಂದೆ. ನೋಂದಣಿಯಾದ ನಕ್ಷೆಗೆ ಹೊಂದದ ಬಾವುಟಕ್ಕೆ ಕಂಬ ಕೊಡಲಾಗದು ಎಂದರು. ಆಮೇಲೆ ಬಾರ್ಲಿ ಚಹಾ ತರಿಸಿಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. ನಿಮ್ಮಲ್ಲಿ ಪೂಜಾರಿ ಕೊಟ್ಟ ವರವನ್ನು ಕಡತ ಕಸಿದುಕೊಳ್ಳುತ್ತದೆ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ತಪ್ಪು ನಿಮ್ಮದೊಂದೇ ಅಲ್ಲ. ಅಪ್ಪ ಆ ಜಾಗವನ್ನು ಖಾಲಿ ಬಿಟ್ಟರು. ಗುಮಾಸ್ತರು ಸುಳ್ಳು ತುಂಬಿದರು. ಅದು ಸುಳ್ಳೆಂದು ಗೊತ್ತಿದ್ದೂ ನಾವೆಲ್ಲ ಅರವತ್ತು ವರ್ಷ ಬಾಯಿಮುಚ್ಚಿಕೊಂಡು ಕೂತೆವು. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವುದು ಒರಟುತನವೆಂದು ನಮ್ಮನ್ನು ಬೆಳೆಸಿದ್ದಾರೆ. ಎಲ್ಲರಿಗೂ ಗೊತ್ತು ಎನ್ನುತ್ತಿದ್ದ ಆ ಎಲ್ಲರೂ ಈಗ ಗುಡ್ಡದ ಸ್ಮಶಾನದಲ್ಲಿದ್ದಾರೆ. ಉಳಿದಿರುವುದು ಗುಮಾಸ್ತರ ಅಕ್ಷರ. ಅದನ್ನು ನಂಬಿದ ನಿಮ್ಮ ಶ್ರದ್ಧಾವಂತರು ಚಿಕ್ಕ ಭವಿಷ್ಯವನ್ನು ದೊಡ್ಡದು ಮಾಡಿದರೆ, ಅವರನ್ನು ಹೇಗೆ ಬೈಯಲಿ? ನನಗೆ ಬೈದು ಬೈದು ದಣಿವಾಗಿದೆ. ನಿಜ ಹೇಳುತ್ತೇನೆ, ಬಹಳ ದಣಿವಾಗಿದೆ.

ಆದ್ದರಿಂದ ಬೇಡಿಕೆ ಚಿಕ್ಕದು. ಕುರ್ಚಿಗೆ ಬಂದ ಮೊದಲ ದಿನ, ಅಭಿನಂದನೆಯ ಹೂಕುಂಡಗಳನ್ನು ಸರಿಸಿ ಜಾಗ ಮಾಡಿಕೊಂಡು, ಉರಾಜಿರಿಯ ಕಡತ ತೆರೆಯಿರಿ. ಅರ್ಥವಿವರಣೆಯ ಜಾಗದಲ್ಲಿ ಭೂತ, ವರ್ತಮಾನ, ಭವಿಷ್ಯಗಳನ್ನು ಹೊಡೆದುಹಾಕಿ ಹೀಗೆ ಬರೆಯಿರಿ: ಎರಡು ದೋಣಿ ಬರಲಿಲ್ಲ, ಮೂರನೆಯದು ಅರ್ಧ ಬಂತು. ನಕ್ಷೆಯಲ್ಲಿ ಮೂರನೆಯ ತೆರಪನ್ನು ಮೊದಲಿನ ಅಗಲಕ್ಕೆ ತನ್ನಿ. ನಿಮ್ಮ ಮುದ್ರೆ ಒತ್ತಿ. ಪರಿಶೀಲಿಸಬೇಡಿ, ದಯವಿಟ್ಟು.

ಬಾವುಟದ ಚಿಂತೆ ನಿಮಗೆ ಬೇಡ, ಅದು ಸಿದ್ಧವಾಗಿದೆ. ಕಳೆದ ವಾರ ಟೊಕುಜಿಯಣ್ಣನನ್ನು ಅಂಗಡಿಗೆ ಕರೆಸಿದೆ. ಬಟ್ಟೆ ಹಿಗ್ಗಿಸಿ, ಗಂಜಿ ಹಿಡಿದು, ಬೆರಳಿಡಿ ಎಂದೆ. ಇಟ್ಟರು. ವಯಸ್ಸಾಗಿ ಗೆಣ್ಣುಗಳು ಊದಿಕೊಂಡಿವೆ. ಮೊದಲ ಬಾವುಟದಿಂದ ಅಪ್ಪ ತೆಗೆದಿಟ್ಟ ಅಚ್ಚುಹಾಳೆಯ ಜೊತೆ ಇಟ್ಟು ನೋಡಿದರೆ ತೆರಪು ಒಂದು ಅಕ್ಕಿಕಾಳಿನಷ್ಟು ಅಗಲವಾಗಿತ್ತು. ಅದನ್ನು ತೋರಿಸಿದೆ.

"ಇರ್ಲಿ, ಹಾಗೇ ಬಿಡು," ಎಂದರು. "ಸ್ವಲ್ಪ ಸ್ವಲ್ಪಾನೇ ಮುಳುಗ್ತಾ ಇದೀನಿ. ಅದು ಸುಳ್ಳಲ್ಲ."

ಹಾಗೇ ಬಿಟ್ಟಿದ್ದೇನೆ. ಬಣ್ಣ ಹಾಕಿ, ಗಂಜಿ ತೊಳೆದು, ಒಣಗಿಸಿ, ಮಡಚದೆ ಕೋಲಿಗೆ ಸುತ್ತಿ ಇಟ್ಟಿದ್ದೇನೆ. ನೀವು ಮುದ್ರೆ ಒತ್ತಿದರೂ ಒತ್ತದಿದ್ದರೂ ಏಪ್ರಿಲ್ ನಾಲ್ಕರ ಬೆಳಿಗ್ಗೆ ಏಳಕ್ಕೆ ಅದು ಬಂದರಿನ ಕಂಬ ಏರುತ್ತದೆ, ಈ ಸಲ ತುದಿಯವರೆಗೆ. ನಕ್ಷೆಗೆ ಹೊಂದುವುದಿಲ್ಲ ಎನಿಸಿದರೆ ತಾವೇ ಬಂದು ಅಳೆಯಬಹುದು. ಅಳತೆಪಟ್ಟಿ ತರಬೇಡಿ. ಅಳತೆ ಇನ್ನೂ ಬದುಕಿದೆ, ಹಗ್ಗ ಹಿಡಿದುಕೊಂಡು ಅಲ್ಲೇ ನಿಂತಿರುತ್ತದೆ.

ಇಂತಿ,
ಇಲ್ಲದ ಊರಿನ ಬಾವುಟಕ್ಕೆ ಇನ್ನೂ ಬಣ್ಣ ಹಾಕುತ್ತಿರುವ,
ಕೌಂಟರಿನಲ್ಲಿ ಮತ್ತೆ ಚೀಟಿ ಹರಿಯಲು ಮನಸ್ಸಿಲ್ಲದ,
ಟೊಬೆ ನಾಮಿಯೆ